ನಮ್ಮ ಜಗಲಿಗೆ ‘ಕ್ವೇಂಟ್’ ಅಂತ ಚೀಟಿ ಅಂಟಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಉಡುಪಿ, ಮಲ್ಪೆ ಕಡೆಯ ತಿರುಗಾಟದ ಬಗ್ಗೆ ಒಂದು ಲೇಖನ ಹಾಕಿದ್ದೀರಿ. ಫೋಟೊಗಳು ಚಂದ ಇದ್ದವು, ಬರವಣಿಗೆ ಓದಿಸಿಕೊಂಡು ಹೋಗುತ್ತದೆ. ನನ್ನ ತಕರಾರು ಅದರಲ್ಲಿ ಮತ್ತೆ ಮತ್ತೆ ಬರುವ ಒಂದೇ ಒಂದು ಇಂಗ್ಲಿಷ್ ಪದದ ಮೇಲೆ, ‘ಕ್ವೇಂಟ್’ (quaint). ರಥಬೀದಿ ಹತ್ತಿರದ ಓಣಿ ‘ಕ್ವೇಂಟ್’. ಮಲ್ಪೆ ‘ಕ್ವೇಂಟ್ ಆದ ಮೀನುಗಾರರ ಹಳ್ಳಿ’. ದಾರಿಯಲ್ಲಿ ಸಿಕ್ಕ ಹಂಚಿನ ಮನೆ ‘ಕ್ವೇಂಟ್’. ಆ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಹೆಂಗಸು ‘ಕ್ವೇಂಟ್ ದೃಶ್ಯ’. ಒಂದು ಕಡೆ ‘ಕ್ವೈಂಟ್’ ಅಂತಲೂ ಅಚ್ಚಾಗಿದೆ, ಅದು ಬಿಡಿ, ಅಚ್ಚಿನ ತಪ್ಪು ಎಲ್ಲರದ್ದೂ ಆಗುತ್ತದೆ.

ನಮ್ಮಲ್ಲಿ ಕೆಲಸ ಮಾಡುವ ಒಬ್ಬರು ಈ ಲೇಖನವನ್ನು ಗಟ್ಟಿಯಾಗಿ ಓದುತ್ತಾ ಹೋಗಿ ಮಧ್ಯದಲ್ಲಿ ನಿಲ್ಲಿಸಿ, “ಅಣ್ಣಾ, ಈ ಕ್ವೇಂಟ್ ಮನೆ ಅಂದ್ರೆ ಎಂಥದು? ಬಿಚ್ಚಿದ್ರೆ ಎಷ್ಟು ಕ್ವಿಂಟಲ್ ಬರ್ತದೆ?” ಅಂತ ಕೇಳಿದರು. ನಗಬೇಡಿ. ನಮ್ಮ ಕಸುಬೇ ಅದು. ಹಳೇ ಮನೆ ಬಿಚ್ಚಿ, ಹಲಸಿನ ಕಂಬ, ದಾರಂದ, ಪಕ್ಕಾಸು, ರೀಪು, ಮುಚ್ಚಿಗೆ ಹಲಗೆ, ಹಂಚು ಎಲ್ಲ ವಿಂಗಡಿಸಿ ಮಾರುವವರು ನಾವು. ಹೆದ್ದಾರಿ ಬದಿಯಲ್ಲಿ ಸಾಮಾನು ಪೇರಿಸಿ ಇಟ್ಟಿರುತ್ತೇವೆ. ಕೊಳ್ಳುವವರು ಜಾಸ್ತಿ ರೆಸಾರ್ಟಿನವರು, ಹೋಮ್‌ಸ್ಟೇಯವರು, ಕೆಫೆ ತೆರೆಯುವ ಹುಡುಗರು. ಅವರಿಗೆ ಈ ಪದ ಅಂದರೆ ಬಲು ಪ್ರೀತಿ. ಒಂದು ಹಳೇ ಬಾಗಿಲಿಗೆ ‘ಕ್ವೇಂಟ್’ ಅಂತ ಅವರೇ ಹೆಸರಿಟ್ಟರೆ ಅದರ ಬೆಲೆ ನಾನು ಹೇಳುವ ಮೊದಲೇ ಏರುತ್ತದೆ. ಹಾಗಾಗಿ ಈ ಪದದಿಂದ ನನಗೆ ಲಾಭವೇ ಹೊರತು ನಷ್ಟ ಇಲ್ಲ. ಆದರೂ ಬರೆಯುತ್ತಿದ್ದೇನೆ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ್ದೆ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಡಿಕ್ಷನರಿ ತಿರುವುವ ಚಟ ಇನ್ನೂ ಬಿಟ್ಟಿಲ್ಲ.

ಮೊದಲು ಪದದ ಅರ್ಥ ನೋಡುವ. ‘ಕ್ವೇಂಟ್’ ಅಂದರೆ ಸ್ವಲ್ಪ ವಿಚಿತ್ರ, ಆದರೆ ಆ ವಿಚಿತ್ರವೇ ಚಂದ ಕಾಣುವಂಥದ್ದು. ಇಷ್ಟು ಎಲ್ಲ ಡಿಕ್ಷನರಿಯಲ್ಲೂ ಸಿಗುತ್ತದೆ. ಬಳಕೆಯಲ್ಲಿ ಇನ್ನೂ ಒಂದೆರಡು ಷರತ್ತು ಅದಕ್ಕೆ ಅಂಟಿಕೊಂಡಿವೆ. ವಸ್ತು ಹಳೇದಾಗಿರಬೇಕು, ಅಥವಾ ಹಳೇ ಕಾಲದ್ದರ ಹಾಗೆ ಕಾಣಬೇಕು. ಸಣ್ಣದಾಗಿದ್ದರೆ ಒಳ್ಳೆಯದು, ಇಂಗ್ಲಿಷಿನವರು ಈ ಪದದ ಬೆನ್ನಿಗೇ ‘ಲಿಟಲ್’ ಸೇರಿಸುವುದು ಸುಮ್ನೆ ಅಲ್ಲ. ಅದು ಯಾರನ್ನೂ ಹೆದರಿಸಬಾರದು. ಎತ್ತರದ ಕೋಟೆಯನ್ನು ಯಾರೂ ಕ್ವೇಂಟ್ ಅನ್ನುವುದಿಲ್ಲ, ಕೋಟೆಯ ಬುಡದ ಕಾಫಿ ಅಂಗಡಿಯನ್ನು ಅನ್ನುತ್ತಾರೆ. ಮುಖ್ಯವಾದ ಷರತ್ತು ಡಿಕ್ಷನರಿಯಲ್ಲಿ ಬರೆದಿರುವುದಿಲ್ಲ: ಹೇಳುವವನಿಗೆ ಆ ವಸ್ತುವಿನ ಅಗತ್ಯ ಇರಬಾರದು. ಬಾವಿಯಿಂದ ರಾಟೆಯಲ್ಲಿ ನೀರು ಸೇದುವುದು ನಲ್ಲಿ ಇರುವವನಿಗೆ ಮಾತ್ರ ಕ್ವೇಂಟ್ ಆಗಿ ಕಾಣುತ್ತದೆ. ದಿನಾ ಸೇದುವವಳಿಗೆ ಅದು ಸೊಂಟನೋವು, ಅಲ್ವಾ?

ಇದರ ಅಕ್ಕಪಕ್ಕದ ಪದ ‘ಕ್ವಿರ್ಕಿ’. ನಮ್ಮ ಪತ್ರಿಕೆಗಳಲ್ಲಿ ಇವೆರಡನ್ನೂ ಅದಲು ಬದಲು ಮಾಡಿ ಬಳಸುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಕ್ವಿರ್ಕಿಗೆ ವಯಸ್ಸು ಬೇಡ. ನಿನ್ನೆ ಹುಟ್ಟಿದ್ದೂ ಕ್ವಿರ್ಕಿ ಆಗಬಹುದು. ಅಲ್ಲಿ ಬೇಕಾದ್ದು ಒಂದು ತಿರುವು, ಎಲ್ಲರೂ ನೇರ ಹೋಗುವಾಗ ಒಬ್ಬ ಸಣ್ಣಗೆ ವಾಲಿಕೊಂಡು ಹೋಗುವುದು. ‘ಕ್ವಿರ್ಕ್’ ಅನ್ನುವ ಮೂಲ ಪದ 16ನೇ ಶತಮಾನದಿಂದ ಇಂಗ್ಲಿಷ್‌ನಲ್ಲಿ ಉಂಟು, ಎಲ್ಲಿಂದ ಬಂತೆಂದು ಪಂಡಿತರಿಗೇ ಪತ್ತೆಯಾಗಿಲ್ಲ. ಆಗ ಅದರ ಅರ್ಥ ಮಾತಿನ ಚಮತ್ಕಾರ, ವಕೀಲರು ಹಾಕುವಂಥ ಕೊಕ್ಕೆ. ಒಬ್ಬ ಮನುಷ್ಯನ ಸ್ವಭಾವದ ಸಣ್ಣ ಸೊಟ್ಟವನ್ನು ಹೇಳಲು ಈಗ ಅದು ಹೇಳಿ ಮಾಡಿಸಿದ ಹಾಗೆ ಇದೆ.

ವ್ಯತ್ಯಾಸ ಬೇಗ ತಿಳಿಯಬೇಕಾದರೆ ನಮ್ಮದೇ ಇಂಗ್ಲಿಷ್ ನೋಡಿ. ಸರ್ಕಾರಿ ಕಚೇರಿಯ ಪತ್ರದ ಕೊನೆಯಲ್ಲಿ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಅಂತ ಬರೆಯುತ್ತೇವೆ. ಒಂದು ಕಾಲದಲ್ಲಿ ಇಂಗ್ಲೆಂಡಿನವರೂ ಹಾಗೆಯೇ ಬರೆಯುತ್ತಿದ್ದರು, ಅವರು ಬಿಟ್ಟರು, ನಾವು ಉಳಿಸಿಕೊಂಡೆವು. ಲಂಡನ್ನಿನ ಒಬ್ಬ ಗುಮಾಸ್ತ ಈಗ ಅದನ್ನು ಓದಿದರೆ ಮುಗುಳ್ನಕ್ಕು ‘ಕ್ವೇಂಟ್’ ಅನ್ನುತ್ತಾನೆ. ಅದೇ ‘ಪ್ರಿಪೋನ್’ ಅನ್ನುವುದು ನಮ್ಮವರ ಬಾಯಲ್ಲೇ ಬೆಳೆದು ಬಳಕೆಗೆ ಬಂದದ್ದು. ಪೋಸ್ಟ್‌ಪೋನ್ ಇದ್ದ ಮೇಲೆ ಪ್ರಿಪೋನ್ ಯಾಕೆ ಬೇಡ ಅನ್ನುವ ಧೈರ್ಯ ಅದರಲ್ಲಿದೆ. ಅದು ಕ್ವಿರ್ಕಿ. ಮೊದಲನೆಯದು ಉಳಿದುಹೋದದ್ದು, ಎರಡನೆಯದು ಚಿಗುರಿದ್ದು. ಇನ್ನೊಂದು ವಿಷಯ ಗಮನಿಸಿ. ನಮ್ಮ ‘ನೀಡ್‌ಫುಲ್’ ನಮಗೆ ತಮಾಷೆ ಅಲ್ಲವೇ ಅಲ್ಲ. ಅರ್ಜಿ ಬರೆದವನಿಗೆ ಕೆಲಸ ಆಗಬೇಕು, ಅಷ್ಟೇ. ಪಿಂಚಣಿ ನಿಂತುಹೋದ ಹಿರಿಯರೊಬ್ಬರು ಬರೆದ ಅರ್ಜಿ ಓದಿ ಯಾರಾದರೂ ‘ಆಹಾ, ಎಂಥ ಮುದ್ದಾದ ಭಾಷೆ’ ಅಂದರೆ ಆ ಹಿರಿಯರಿಗೆ ಏನನ್ನಿಸಬೇಕು ಹೇಳಿ.

ಉಳಿದ ಪದಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಆಡ್’ ಅಂದರೆ ಬರೀ ವಿಚಿತ್ರ, ಚಂದದ ಮಾತಿಲ್ಲ. ‘ವಿಯರ್ಡ್’ ಅಂದರೆ ಸ್ವಲ್ಪ ಹೆದರಿಕೆ ಬೆರೆತದ್ದು, ಈಗಿನ ಮಕ್ಕಳು ಎಲ್ಲದಕ್ಕೂ ಅದನ್ನೇ ಬಳಸುತ್ತಾರೆ. ‘ಎಕ್ಸೆಂಟ್ರಿಕ್’ ಮನುಷ್ಯರಿಗೆ ಮಾತ್ರ, ಅದೂ ದುಡ್ಡಿರುವವರಿಗೆ. ದುಡ್ಡಿಲ್ಲದವನು ಅದೇ ಕೆಲಸ ಮಾಡಿದರೆ ಊರಲ್ಲಿ ಬೇರೆ ಹೆಸರಿಡುತ್ತಾರೆ.

ಈಗ ಮೂಲ ತಕರಾರಿಗೆ ಬರುವ. ಕ್ವೇಂಟ್ ಮೇಲ್ನೋಟಕ್ಕೆ ಹೊಗಳಿಕೆ. ಒಳಗೆ ಒಂದು ಬೀಗ ಉಂಟು. ಇಂಗ್ಲಿಷ್ ಮಾತಾಡುವವರು ಯಾರದ್ದಾದರೂ ಅಭಿಪ್ರಾಯ ಕೇಳಿ ‘ಹೌ ಕ್ವೇಂಟ್’ ಅಂದರೆ ಅದು ಮೆಚ್ಚುಗೆ ಅಲ್ಲ, ‘ನಿನ್ನ ಮಾತು ಈ ಕಾಲಕ್ಕೆ ಲೆಕ್ಕಕ್ಕಿಲ್ಲ, ಸುಮ್ಮನಿರು’ ಅಂತ. ಬೈಯದೆ ಬದಿಗೆ ಸರಿಸುವ ಉಪಾಯ. ಬೈದರೆ ತಿರುಗಿ ಜಗಳ ಮಾಡಬಹುದು. ಮುದ್ದು ಮಾಡಿ ಮೂಲೆಗೆ ಕೂರಿಸಿದರೆ ಏನು ಮಾಡುತ್ತೀರಿ?

ಇದು ನನ್ನ ಕಲ್ಪನೆ ಅನ್ನಬೇಡಿ. ಈ ಪದ ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ಒಂದು ದಾಖಲೆಯೇ ಉಂಟು. 2002ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಅವರ ಕಾನೂನು ಸಲಹೆಗಾರ ಆಲ್ಬರ್ಟೊ ಗೊನ್ಸಾಲೆಸ್ ಹೆಸರಿನಲ್ಲಿ ಒಂದು ಕರಡು ಟಿಪ್ಪಣಿ ಸಿದ್ಧವಾಯಿತು. ಅಫ್ಘಾನಿಸ್ತಾನದಲ್ಲಿ ಸೆರೆಸಿಕ್ಕವರಿಗೆ ಜಿನೀವಾ ಒಪ್ಪಂದ ಅನ್ವಯಿಸಬೇಕೇ ಅನ್ನುವುದು ವಿಷಯ. ಯುದ್ಧಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅಂತ 1949ರಲ್ಲಿ ಮಾಡಿಕೊಂಡ ಒಪ್ಪಂದ ಅದು. ಭಯೋತ್ಪಾದನೆ ವಿರುದ್ಧದ ಯುದ್ಧವೇ ಹೊಸ ಬಗೆಯದ್ದು, ಹಾಗಾಗಿ ಕೈದಿಗಳ ವಿಚಾರಣೆಗೆ ಒಪ್ಪಂದ ಹಾಕಿದ ಬಿಗಿ ಮಿತಿಗಳು ಕಾಲ ಮೀರಿದವು, ಅದರ ಕೆಲವು ಷರತ್ತುಗಳು ‘ಕ್ವೇಂಟ್’ ಆಗಿಬಿಟ್ಟಿವೆ ಅಂತ ಆ ಟಿಪ್ಪಣಿಯಲ್ಲಿ ಬರೆದಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಅವರು ಆ ಪದ ಅಂಟಿಸಿದ್ದು ಕೈದಿಗಳಿಗೆ ತಿಂಗಳ ಸಂಬಳದ ಮುಂಗಡ, ಆಟದ ಉಡುಪು, ವಿಜ್ಞಾನದ ಉಪಕರಣ ಕೊಡಬೇಕು ಅನ್ನುವಂಥ ಷರತ್ತುಗಳಿಗೆ. ಆದರೆ ವಿಚಾರಣೆಯ ಮಿತಿಯೂ ಅದೇ ವಾಕ್ಯದಲ್ಲಿ ಕೂತಿದೆ ನೋಡಿ. 2004ರಲ್ಲಿ ಈ ಟಿಪ್ಪಣಿ ಹೊರಬಿದ್ದಾಗ ದೊಡ್ಡ ಗಲಾಟೆಯಾಯಿತು, ಜನರ ಬಾಯಲ್ಲಿ ಉಳಿದದ್ದು ಆ ಒಂದು ಪದ. ಕಾನೂನನ್ನು ತಪ್ಪು ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. ಹಳೇ ಕಾಲದ ಮುದ್ದಾದ ಸಾಮಾನು ಅಂದರು. ಅಷ್ಟು ಸಾಕಾಯಿತು.

ನಮ್ಮ ಪುರವಣಿಯ ಲೇಖನಕ್ಕೂ ಅದಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಉಂಟು. ನನ್ನ ಕಸುಬಿನಲ್ಲಿ ನಾನು ನೋಡಿದ ಕ್ರಮ ಹೇಳುತ್ತೇನೆ. ಮನೆಯವರು ಇರುವಷ್ಟು ಕಾಲ ಅದು ಮನೆ. ಸೋರಿದರೆ ಬೈಯುತ್ತಾರೆ, ಗೆದ್ದಲು ಹಿಡಿದರೆ ಎಣ್ಣೆ ಹಚ್ಚುತ್ತಾರೆ, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಾರೆ, ಜಗಲಿಗೆ ಇರಚಲು ಹೊಡೆಯದ ಹಾಗೆ ಮಡಲಿನ ತಟ್ಟಿ ಕಟ್ಟುತ್ತಾರೆ. ಮಕ್ಕಳೆಲ್ಲ ಬೆಂಗಳೂರು, ಮುಂಬೈ, ದುಬೈ ಅಂತ ಹೋಗಿ, ಮುದುಕರು ಮಾತ್ರ ಉಳಿದು, ಅವರೂ ಹೋದ ಮೇಲೆ ರಜೆಗೆ ಬಂದ ಮೊಮ್ಮಗ ಫೋಟೊ ತೆಗೆದು ‘ಸೋ ಕ್ವೇಂಟ್’ ಅಂತ ಹಾಕುತ್ತಾನೆ. ಅದಾಗಿ ಸ್ವಲ್ಪ ದಿನಕ್ಕೆ ನನಗೆ ಫೋನ್ ಬರುತ್ತದೆ. ಪದದಿಂದಲೇ ಮನೆ ಬೀಳುತ್ತದೆ ಅನ್ನುವುದಿಲ್ಲ. ಪಾಲು, ಕೋರ್ಟು, ರಿಪೇರಿಯ ಖರ್ಚು, ಕೆಲಸಕ್ಕೆ ಆಳು ಸಿಗದೇ ಇರುವುದು, ಕಾರಣ ನೂರು. ಆದರೆ ಬೀಳುವ ಮೊದಲು ಈ ಪದ ಬಂದೇ ಬರುತ್ತದೆ.

ಇದರಲ್ಲಿ ಒಂದು ದೊಡ್ಡ ತಮಾಷೆ ಇದೆ. ಕ್ವೇಂಟ್ ಪದ ಹುಟ್ಟಿದಾಗ ಅದರ ಅರ್ಥ ಹೀಗಿರಲೇ ಇಲ್ಲ. ಹಳೇ ಫ್ರೆಂಚಿನ ‘ಕ್ವಾಂತ್’ ಎಂಬ ಪದದ ಮೂಲಕ ಅದು ಇಂಗ್ಲಿಷಿಗೆ ಬಂತು. ಅದರ ಹಿಂದೆ ಲ್ಯಾಟಿನ್ನಿನ ‘ಕಾಗ್ನಿಟುಸ್’, ಅಂದರೆ ತಿಳಿದಿರುವುದು, ಗೊತ್ತಿರುವುದು. ಇಂಗ್ಲಿಷಿನ ‘ಅಕ್ವೇಂಟ್’, ಪರಿಚಯ ಮಾಡಿಕೊಳ್ಳುವುದು ಅನ್ನುತ್ತೇವಲ್ಲ, ಅದೂ ಇದೇ ಬೇರಿನಿಂದ ಬಂದದ್ದು. 14ನೇ ಶತಮಾನದ ಇಂಗ್ಲಿಷ್‌ನಲ್ಲಿ, ಕವಿ ಚಾಸರ್ ಬದುಕಿದ್ದ ಕಾಲದಲ್ಲಿ, ಕ್ವೇಂಟ್ ಅಂದರೆ ಜಾಣ, ಚತುರ, ಕಸುಬು ಬಲ್ಲವನು, ಉಪಾಯಗಾರ. ವಸ್ತುವಿಗೆ ಹೇಳಿದರೆ ಕುಶಲವಾಗಿ ಮಾಡಿದ್ದು, ನಾಜೂಕಾದದ್ದು ಅಂತ. (ಚಾಸರ್ ಅದನ್ನು ಪೋಲಿ ಅರ್ಥದಲ್ಲೂ ಬಳಸಿದ್ದಾನೆ, ಮನೆಮಂದಿ ಎಲ್ಲ ಓದುವ ಪತ್ರಿಕೆಯಲ್ಲಿ ಆ ವಿಚಾರ ಬೇಡ.) ನಾಜೂಕಾದದ್ದು ಅಪರೂಪ, ಅಪರೂಪವಾದದ್ದು ವಿಚಿತ್ರ, ಹೀಗೆ ಅರ್ಥ ಮೆಲ್ಲಗೆ ಸರಿಯಿತು. ಆಮೇಲೆ ಪದವೇ ಬಳಕೆಯಲ್ಲಿ ಕಡಿಮೆಯಾಯಿತು. 18ನೇ ಶತಮಾನದ ಕೊನೆಯ ಹೊತ್ತಿಗೆ ‘ಹಳೇ ಕಾಲದ್ದು, ಆದರೆ ಚಂದ’ ಅನ್ನುವ ಈಗಿನ ಅರ್ಥ ಹೊತ್ತುಕೊಂಡು ಮತ್ತೆ ಎದ್ದು ಬಂತು. ಇಂಗ್ಲೆಂಡಿನಲ್ಲಿ ಗಿರಣಿಗಳು ಏಳುತ್ತಿದ್ದ ಕಾಲ ಅದು. ಊರು ಬಿಟ್ಟು ಪೇಟೆ ಸೇರಿದವರಿಗೆ ತಿರುಗಿ ನೋಡಿ ಅಯ್ಯೋ ಎಷ್ಟು ಮುದ್ದು ಅನ್ನುವುದಕ್ಕೆ ಒಂದು ಪದ ಬೇಕಾಗಿತ್ತು ಅಂತ ನನ್ನ ಅನಿಸಿಕೆ. ಗೊತ್ತಿರುವುದು ಅನ್ನುವಲ್ಲಿ ಹುಟ್ಟಿದ ಪದ ಈಗ ಗೊತ್ತಿಲ್ಲದವರ ಬಾಯಿಗೆ ಬಂದು ನಿಂತಿದೆ.

ಆ ಹಳೇ ಅರ್ಥದಲ್ಲಿ ಹೇಳುವುದಾದರೆ ನಿಮ್ಮ ಲೇಖಕರು ಬರೆದದ್ದು ನೂರಕ್ಕೆ ನೂರು ಸರಿ. ನಮ್ಮ ಹಂಚಿನ ಮಾಡು ಕ್ವೇಂಟ್, ಚಾಸರನ ಕಾಲದ ಲೆಕ್ಕದಲ್ಲಿ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಹತ್ತಿರ, ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರು ಮಾಡಿದ. ನದಿಯ ಜೇಡಿಮಣ್ಣು, ಅಚ್ಚು ಒತ್ತುವ ಯಂತ್ರ, ಸುಡುವುದಕ್ಕೆ ಕಟ್ಟಿಗೆ, ಸಾಗಿಸಲು ಪಕ್ಕದಲ್ಲೇ ನೀರಿನ ದಾರಿ. ಅದಕ್ಕೆ ಮೊದಲು ನಮ್ಮವರು ಹೆಚ್ಚಾಗಿ ಮುಳಿಹುಲ್ಲು, ಸೋಗೆ ಹೊದೆಸುತ್ತಿದ್ದರು. ಅದನ್ನು ವರ್ಷ ವರ್ಷ ಬದಲಿಸಬೇಕು, ಬೆಂಕಿಯ ಭಯ ಬೇರೆ. ಹೊಸ ಹಂಚಿನಲ್ಲಿ ಇದ್ದ ಜಾಣತನ ಅದರ ಅಂಚಿನ ಕಾಲುವೆಯಲ್ಲಿ ಉಂಟು. ಒಂದರ ಅಂಚು ಇನ್ನೊಂದರ ಅಂಚಿನ ಒಳಗೆ ಕಚ್ಚಿಕೊಳ್ಳುತ್ತದೆ. ಗಾರೆ ಬೇಡ, ಎಲ್ಲ ಹಂಚಿಗೂ ಮೊಳೆ ಹೊಡೆಯಬೇಕೆಂದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿನಲ್ಲಿ ನೀರು ಆ ಕಾಲುವೆ ಹಿಡಿದು ಕೆಳಗಿಳಿಯುತ್ತದೆ, ಗಾಳಿ ಮಾತ್ರ ಸಂದಿಯಲ್ಲಿ ಆಡುತ್ತದೆ. ಒಂದು ಒಡೆದರೆ ಆ ಒಂದನ್ನೇ ತೆಗೆದು ಬೇರೆಯದು ಸಿಕ್ಕಿಸಬಹುದು. ಕತ್ತಲೆ ಕೋಣೆಗೆ ಬೆಳಕು ಬೇಕಾದರೆ ಅದೇ ಅಳತೆಯ ಗಾಜಿನ ಹಂಚು. ಹಿಂಬದಿಗೆ ಕಾರ್ಖಾನೆಯ ಹೆಸರು, ಕೆಲವದರಲ್ಲಿ ಇಸವಿ. ನೂರು ವರ್ಷ ಮಳೆ ತಿಂದ ಹಂಚನ್ನು ಇಳಿಸಿ, ತೊಳೆದು, ಇನ್ನೊಂದು ಮಾಡಿಗೆ ಏರಿಸಿದ್ದೇವೆ, ಸೋರುವುದಿಲ್ಲ. ಕಾಂಕ್ರೀಟ್ ತಾರಸಿಯ ಮೇಲೆ ಸೋರುತ್ತದೆಂದು ತಗಡಿನ ಶೀಟು ಹಾಕಿಸಿಕೊಂಡವರು ನಮ್ಮ ಊರಿನ ತುಂಬ ಇದ್ದಾರೆ, ಅವರನ್ನು ಯಾರೂ ಕ್ವೇಂಟ್ ಅನ್ನುವುದಿಲ್ಲ.

ಹಾಗೆಯೇ ಪಿಗ್ಮಿ. ನಿಮ್ಮ ಲೇಖನದಲ್ಲಿ ಅಂಗಡಿ ಅಂಗಡಿಗೆ ಹೋಗಿ ದುಡ್ಡು ಎತ್ತುವ ಪಿಗ್ಮಿಯವರನ್ನೂ ಮುದ್ದಾದ ಪಳೆಯುಳಿಕೆ ಥರ ಬರೆದಿದ್ದಾರೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಆ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬರುತ್ತಾರೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದ ನೇಕಾರರು, ಮೀನು ಮಾರುವವರು, ಸಣ್ಣ ಅಂಗಡಿಯವರು ಹೀಗೆ ಉಳಿತಾಯಕ್ಕೆ ಬಂದರು. ಬಡವರ ಎರಡಾಣೆಯಲ್ಲೂ ಬ್ಯಾಂಕ್ ಕಟ್ಟಬಹುದು ಅಂತ ಲೆಕ್ಕ ಹಾಕಿದವರ ತಲೆ ಎಷ್ಟು ಚುರುಕಾಗಿರಬೇಕು ಯೋಚಿಸಿ. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿತು, ಹೆಸರು ಹೋಯಿತು. ಪಿಗ್ಮಿ ಮಾತ್ರ ಹೋಗಿಲ್ಲ. ಸಹಕಾರ ಸಂಘಗಳವರು ಈಗ ಕೈಯಲ್ಲಿ ಸಣ್ಣ ಮೆಷೀನು ಹಿಡಿದು ಬರುತ್ತಾರೆ, ನಾನೂ ಕಟ್ಟುತ್ತೇನೆ. ಸಾಲ ಬೇಕಾದಾಗ ಆ ಪುಸ್ತಕವೇ ನನ್ನ ಸಾಕ್ಷಿ. ಇದರಲ್ಲಿ ಮುದ್ದಾದದ್ದು ಎಂಥದ್ದೂ ಇಲ್ಲ.

ಮಲ್ಪೆಯನ್ನು ‘ಹಳ್ಳಿ’ ಅಂದದ್ದಕ್ಕೆ ಅಲ್ಲಿಯವರು ನಿಮಗೆ ಬೇರೆಯೇ ಪತ್ರ ಬರೆದಿರಬಹುದು. ಕರ್ನಾಟಕದ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಅದು ಒಂದು. ಐಸ್ ಪ್ಲಾಂಟ್, ಡೀಸೆಲ್ ಬಂಕು, ಬಲೆ ರಿಪೇರಿ, ಜಿಪಿಎಸ್ ನೋಡಿಕೊಂಡು ದಿನಗಟ್ಟಲೆ ಆಳ ಸಮುದ್ರಕ್ಕೆ ಹೋಗುವ ಬೋಟುಗಳು, ಬೆಳಗ್ಗೆ ಹರಾಜು, ಕೇರಳ ಗೋವಾ ಕಡೆಗೆ ಹೊರಡುವ ಲಾರಿಗಳು. ಲೇಖಕರು ಹೋದದ್ದು ಜುಲೈಯಲ್ಲಿ ಅಂತ ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮೀನು ಮೊಟ್ಟೆ ಇಡುವ ಕಾಲ ಅಂತ. ಬೋಟುಗಳೆಲ್ಲ ಸಾಲಾಗಿ ಕಟ್ಟಿಕೊಂಡು ನಿಂತಿರುತ್ತವೆ, ಮಳೆ, ಮೌನ, ಒಬ್ಬಿಬ್ಬರು ಬಲೆ ಹೆಣೆಯುತ್ತಾ ಕೂತಿರುತ್ತಾರೆ. ಫೋಟೊಗೆ ಚಂದವೇ. ಆ ಎರಡು ತಿಂಗಳು ಮನೆಯಲ್ಲಿ ಸಂಪಾದನೆ ಇಲ್ಲ ಅನ್ನುವುದು ಫೋಟೊದಲ್ಲಿ ಬರುವುದಿಲ್ಲ.

ಎಲ್ಲಕ್ಕಿಂತ ನನಗೆ ಚುಚ್ಚಿದ್ದು ಬೀಡಿ ಕಟ್ಟುವ ಆ ಹೆಂಗಸಿನ ಫೋಟೊ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡೂ ಜಿಲ್ಲೆಗಳಲ್ಲಿ ಎಷ್ಟು ಮನೆಗಳ ಒಲೆ ಬೀಡಿ ಕಟ್ಟುವ ಆ ಗೆರಸೆಯಿಂದ ಉರಿದಿದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಎಲೆ ನೆನೆಸಬೇಕು, ಕತ್ತರಿಸಬೇಕು, ಹೊಗೆಸೊಪ್ಪು ತುಂಬಿ ಸುತ್ತಬೇಕು, ನೂಲು ಕಟ್ಟಬೇಕು, ತುದಿ ಮಡಚಬೇಕು. ಸಂಬಳ ಸಾವಿರದ ಲೆಕ್ಕದಲ್ಲಿ. ಕಟ್ಟಿದ್ದನ್ನು ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೋದಾಗ ಎಲೆ ಕಮ್ಮಿ ಬಿತ್ತು, ಬೀಡಿ ಸರಿ ಇಲ್ಲ ಅಂತ ಬದಿಗೆ ಹಾಕಿದ್ದಕ್ಕೆ ದುಡ್ಡಿಲ್ಲ. ಕೂತು ಕೂತು ಕುತ್ತಿಗೆ ಹೋಗುತ್ತದೆ, ಪುಡಿ ಕುಡಿದು ಕೆಮ್ಮು. ಆ ದುಡ್ಡಿನಲ್ಲಿ ಮಕ್ಕಳನ್ನು ಕಾಲೇಜಿಗೆ ಕಳಿಸಿದವರು, ಹೆಣ್ಣುಮಕ್ಕಳ ಮದುವೆ ಮಾಡಿಸಿದವರು, ಕುಡುಕ ಗಂಡನ ಸಾಲ ತೀರಿಸಿದವರು ನನ್ನ ಸುತ್ತಮುತ್ತ ಬೇಕಾದಷ್ಟು ಮಂದಿ ಇದ್ದಾರೆ. ಆಕೆ ಅಲ್ಲಿ ಕೂತದ್ದು ಜಗಲಿಯಲ್ಲಿ ಬೆಳಕು ಚೆನ್ನಾಗಿ ಬರುತ್ತದೆ, ಒಳಗೆ ಲೈಟು ಹಾಕಿದರೆ ಕರೆಂಟು ಬಿಲ್ಲು ಬರುತ್ತದೆ ಅಂತ. ಅವಳ ಹೆಸರು ಕೇಳಿಲ್ಲ, ಸಾವಿರಕ್ಕೆ ಎಷ್ಟು ಸಿಗುತ್ತದೆ ಅಂತ ಕೇಳಿಲ್ಲ. ಕೇಳಿದ್ದರೆ ಆ ಪದ ಲೇಖಕರ ಕೈಯಿಂದ ಬರುತ್ತಲೇ ಇರಲಿಲ್ಲ ಅಂತ ನನ್ನ ನಂಬಿಕೆ. ಅವರು ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ, ಅದು ಓದಿದರೆ ಗೊತ್ತಾಗುತ್ತದೆ. ಹೊಸ ಊರು ಕಂಡಾಗ ಮನಸ್ಸು ಅರಳುವುದು ಸಹಜ. ನಾನೂ ಚಿಕ್ಕಮಗಳೂರಿನ ಕಡೆ ಹೋದಾಗ ಎಲ್ಲವನ್ನೂ ಬಾಯಿ ಬಿಟ್ಟು ನೋಡುತ್ತೇನೆ.

ಹಾಗಾದರೆ ಈ ಪದವನ್ನು ಬಳಸಲೇಬಾರದಾ? ಬಳಸಿ, ಯಾರು ಬೇಡ ಅಂದರು. ಕೆಫೆಯ ಗೋಡೆಗೆ ತೂಗುಹಾಕಿದ ಗೊರಬೆಗೆ ಬಳಸಿ. ನೇಜಿ ನೆಡುವ ಹೆಂಗಸರು ಮಳೆಗೆ ಬೆನ್ನ ಮೇಲೆ ಹಾಕಿಕೊಳ್ಳುತ್ತಿದ್ದದ್ದು ಅದು, ಪ್ಲಾಸ್ಟಿಕ್ ಬಂದ ಮೇಲೆ ಕೆಲಸ ಕಳೆದುಕೊಂಡು ಗೋಡೆ ಏರಿದೆ. ಸಭೆಯಲ್ಲಿ ಮಂತ್ರಿಗಳ ತಲೆಗೆ ಇಡುವ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆಗೆ ಬಳಸಿ, ಆ ತಲೆಯ ಮೇಲೆ ಅದು ನಿಜವಾಗಿಯೂ ಕ್ವೇಂಟ್. ಸರ್ಕಾರಿ ಅರ್ಜಿಯ ಕೊನೆಯಲ್ಲಿ ‘ತಮ್ಮ ವಿಧೇಯ’ ಅಂತ ಬರೆಯುವುದಕ್ಕೆ ಬಳಸಿ. ನನ್ನ ಅಂಗಡಿಗೆ ಧಾರಾಳವಾಗಿ ಬಳಸಿ, ಅಲ್ಲಿ ಬಾಗಿಲುಗಳಿಗೆ ಮನೆ ಇಲ್ಲ. ಹೊಸ ರೆಸಾರ್ಟಿನಲ್ಲಿ ಹೊಸದಾಗಿ ಹಾಕಿಸಿದ ಕಾವಿ ನೆಲಕ್ಕೆ ಮಾತ್ರ ಬೇಡ, ಅದು ಹೋದ ವರ್ಷದ್ದು, ಬೇಕಾದರೆ ಕ್ವಿರ್ಕಿ ಅನ್ನಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಎಲ್ಲೆಲ್ಲಿಂದಲೋ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪದ ಊರಿಗೆ ಹೋದರೆ ಆ ಪದ ಬಾಯಿಗೆ ಬರಬಹುದು. ಸ್ವಲ್ಪ ಹೊತ್ತು ನಿಂತು ಕಂಬ ಎಲ್ಲಿ ಹೇಗೆ ಕೂತಿದೆ, ಮುಚ್ಚಿಗೆಯ ಭಾರ ಎಲ್ಲಿಗೆ ಇಳಿಯುತ್ತದೆ ಅಂತ ನೋಡಿದರೆ ಬಂದ ಪದ ಹಾಗೇ ಹಿಂದೆ ಹೋಗುತ್ತದೆ. ನಮ್ಮ ಕಸುಬಿನವರಿಗೆ ಆ ಕೆಲಸ ಎಷ್ಟು ಕಷ್ಟ ಅಂತ ಗೊತ್ತು. ಬಿಚ್ಚುವುದು ಸುಲಭ, ಮತ್ತೆ ಜೋಡಿಸುವುದು ಎಲ್ಲರ ಕೈಲಿ ಆಗುವುದಿಲ್ಲ.

ಇದಕ್ಕೆ ಕನ್ನಡದ ಪದ ಯಾವುದು ಅಂತ ನನ್ನನ್ನು ಕೇಳಬೇಡಿ, ಅದರ ಹುಡುಕಾಟ ನನ್ನ ಕೆಲಸ ಅಲ್ಲ. ಪದವೇ ಬೇಡದ ಹಾಗೆ ಬರೆಯಬಹುದು. ಓಣಿ ಎಷ್ಟು ಅಗಲ, ಎದುರಿನಿಂದ ಸ್ಕೂಟರು ಬಂದರೆ ಯಾರು ಬದಿಗೆ ಸರಿಯುತ್ತಾರೆ, ಜಗಲಿಯಲ್ಲಿ ಯಾರು ಕೂತಿದ್ದರು, ಏನು ಮಾತಾಡಿದರು, ಇಷ್ಟು ಬರೆದರೆ ಚಂದ ತಾನಾಗಿ ಬರುತ್ತದೆ. ಓದುವವನು ತನಗೆ ಬೇಕಾದ ಪದ ಹಾಕಿಕೊಳ್ಳುತ್ತಾನೆ.

ಇನ್ನೊಂದು ಸಣ್ಣ ವಿಷಯ, ಇದಕ್ಕೆ ನೀವು ತಿದ್ದುಪಡಿ ಹಾಕಲೇಬೇಕು. ಹಂಚಿನ ಮನೆಯ ಫೋಟೊದ ಕೆಳಗೆ ‘ಪೋರ್ಚುಗೀಸರ ಕಾಲದ ಹಂಚು’ ಅಂತ ಬರೆದಿದ್ದೀರಿ. ಫೋಟೊದಲ್ಲಿ ಕಾಣುವುದು ಅಂಚು ಕಚ್ಚಿಕೊಳ್ಳುವ ಮಂಗಳೂರು ಹಂಚು. ಅದು ಇಲ್ಲಿ ತಯಾರಾಗಲು ಶುರುವಾದದ್ದೇ 1865ರಲ್ಲಿ, ನಮ್ಮ ಜಿಲ್ಲೆ 1799ರಲ್ಲೇ ಬ್ರಿಟಿಷರ ಕೈಗೆ ಹೋಗಿತ್ತು. ಪತ್ರ ಉದ್ದ ಆಯಿತು, ಗೊತ್ತು. ಜಾಗ ಸಾಲದಿದ್ದರೆ ಚಾಸರನನ್ನೂ ಬುಷ್ ಅವರನ್ನೂ ಧಾರಾಳವಾಗಿ ಕತ್ತರಿಸಿ. ಬೀಡಿಯ ಭಾಗ ಹಾಗೆಯೇ ಇರಲಿ.

ಇಂತಿ,
ಪಡುಬಿದ್ರಿ ಕಡೆಯ ಒಬ್ಬ ಓದುಗ
ಉಡುಪಿ ಜಿಲ್ಲೆ